ಎಕ್ಸ್‌ರೇ ನಾರ್ಮಲ್, ಆದರೂ ಮೊಣಕಾಲು ಜಾರುತ್ತಿದೆ. ಎಂಆರ್‌ಐ ಈಗಲೇ ಮಾಡಿಸಬೇಕಾ?

ಬೆಟಗೇರಿ_ಹುಡುಗ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 22 ವರ್ಷ, ಕಬಡ್ಡಿ ಆಡುತ್ತಾನೆ. ಹೋದ ವಾರ ಜಾತ್ರೆಯ ಟೂರ್ನಮೆಂಟ್‌ನಲ್ಲಿ ರೇಡ್ ಹೋಗಿದ್ದ. ಎದುರಿನವನು ಪಾದ ಹಿಡಿದ, ಇವನು ಮೈ ತಿರುಗಿಸಿ ಗೆರೆ ಮುಟ್ಟಲು ಹೋದ. ಮೊಣಕಾಲಿನ ಒಳಗೆ "ಟಪ್" ಅಂತ ಸದ್ದು ಬಂತಂತೆ. ರಾತ್ರಿ ಊಟದ ಹೊತ್ತಿಗೆ ಮೊಣಕಾಲು ಪೂರಾ ಬಾತುಕೊಂಡಿತ್ತು.

ಗದಗದಲ್ಲೇ ಎಕ್ಸ್‌ರೇ ತೆಗೆಸಿದೆವು. ಎಲುಬು ಮುರಿದಿಲ್ಲ ಅಂದರು. ಒಬ್ಬ ಡಾಕ್ಟರು ಹುಬ್ಬಳ್ಳಿಗೆ ಹೋಗಿ ಎಂಆರ್‌ಐ ಮಾಡಿಸಿ ಅಂತಾರೆ. ಇನ್ನೊಬ್ಬರು ಮೊದಲು ಬಾವು ಇಳಿಯಲಿ, ಆಮೇಲೆ ನೋಡೋಣ ಅಂತಾರೆ. ಅಪ್ಪ "ಎಲುಬೇ ಮುರಿದಿಲ್ಲ ಅಂದಮೇಲೆ ಇನ್ನೊಂದು ಫೋಟೋ ಯಾಕೆ" ಅಂತ ಕೂತಿದ್ದಾರೆ. ಅಜ್ಜಿಗೆ ಉಳುಕು ತೆಗೆಯುವವರ ಹತ್ತಿರ ಕರೆದುಕೊಂಡು ಹೋಗಬೇಕು ಅಂತ ಹಟ.

ಈಗ ನೋವು ಕಡಿಮೆ ಇದೆ. ಆದರೆ ಮೆಟ್ಟಿಲು ಇಳಿಯುವಾಗ ಮೊಣಕಾಲು ಒಮ್ಮೆಲೇ ಜಾರಿದಂತೆ ಆಗುತ್ತದೆ. ಎಂಆರ್‌ಐಗೆ ಸಾವಿರಗಟ್ಟಲೆ ರೊಕ್ಕ ಬೇಕು. ನಿಜವಾಗಿ ಬೇಕಾ? ಗೊತ್ತಿದ್ದವರು ಹೇಳಿ.

ಗಿರಮಿಟ್_ಪ್ರಿಯ

ಟಪ್ ಅಂದ್ರೆ ಎಸಿಎಲ್ (ಮೊಣಕಾಲಿನೊಳಗೆ ಎರಡು ಎಲುಬನ್ನು ಹಿಡಿದಿಡುವ ನಾರು) ಹೋಯ್ತು ಅಂತಲೇ. ನೂರಕ್ಕೆ ನೂರು. ಎಂಆರ್‌ಐ ಬರೀ ಮುದ್ರೆ ಒತ್ತುತ್ತದೆ ಅಷ್ಟೇ.

ಫಿಸಿಯೋ_ಅಕ್ಕ_ಧಾರವಾಡ

ಗಿರಮಿಟ್ ಅವರೇ, ನೂರಕ್ಕೆ ನೂರು ಅಂತ ಫೋನಿನಲ್ಲಿ ಕೂತು ಹೇಳೋಕೆ ಆಗಲ್ಲ. ಮಂಡಿ ಚಿಪ್ಪು ಜಾರಿ ಮತ್ತೆ ಕೂತರೂ ಹೀಗೇ ಸದ್ದು ಬರುತ್ತದೆ, ಹೀಗೇ ಬಾವು ಬರುತ್ತದೆ. ಆದರೆ ಅನುಮಾನ ಪಡೋದಕ್ಕೆ ಕಾರಣ ಇದೆ, ಅದನ್ನು ಒಪ್ಪುತ್ತೇನೆ. ಪಾದ ನೆಲಕ್ಕೆ ಊರಿ ಮೈ ತಿರುಗಿದ್ದು, ಸದ್ದು, ಕೆಲವೇ ತಾಸಿನಲ್ಲಿ ಬಾವು, ಆಮೇಲೆ ಜಾರುವುದು. ಈ ನಾಲ್ಕೂ ಸೇರಿದರೆ ಮೊದಲು ಎಸಿಎಲ್ ನೆನಪಿಗೆ ಬರುತ್ತದೆ. ಅಷ್ಟು ಬೇಗ ಬಾತರೆ ಒಳಗೆ ರಕ್ತ ತುಂಬಿದೆ ಅಂತ ಲೆಕ್ಕ. ಬರೀ ಮೆನಿಸ್ಕಸ್‌ಗೆ, ಅಂದರೆ ಎಲುಬುಗಳ ನಡುವಿನ ಮೆತ್ತೆಗೆ, ಪೆಟ್ಟಾದರೆ ಬಾವು ಸಾಮಾನ್ಯವಾಗಿ ಮರುದಿನ ಕಾಣಿಸುತ್ತದೆ.

ಬೆಟಗೇರಿ ತಮ್ಮಾ, ಒಂದು ಕೇಳುತ್ತೇನೆ. ಯಾರಾದರೂ ಮೊಣಕಾಲನ್ನು ಕೈಯಿಂದ ಹಿಡಿದು ಪರೀಕ್ಷೆ ಮಾಡಿದರಾ? ಮೊಣಕಾಲು ಸ್ವಲ್ಪ, 20ರಿಂದ 30 ಡಿಗ್ರಿ ಮಡಚಿ, ಒಂದು ಕೈಯಲ್ಲಿ ತೊಡೆ ಗಟ್ಟಿ ಹಿಡಿದು, ಇನ್ನೊಂದರಲ್ಲಿ ಕೆಳಗಿನ ಕಾಲನ್ನು ಮುಂದೆ ಎಳೆಯುತ್ತಾರೆ. ಲ್ಯಾಕ್‌ಮನ್ ಟೆಸ್ಟ್ ಅಂತಾರೆ. ಅದನ್ನು ಮಾಡದೇ ಎಂಆರ್‌ಐ ಬರೆದಿದ್ದರೆ ನನಗೆ ಸ್ವಲ್ಪ ಸಿಟ್ಟು ಬರುತ್ತದೆ.

ಬೆಟಗೇರಿ_ಹುಡುಗ

ಮೊದಲನೆಯವರು ಮುಟ್ಟಲು ಹೋದರು, ಇವನು ಕೂಗಿಕೊಂಡ. ಎರಡನೆಯವರು ಐದು ದಿನ ಆದಮೇಲೆ ನೋಡಿದ್ದು. ನೀವು ಹೇಳಿದ ಹಾಗೇ ಎಳೆದು ನೋಡಿದರು. "ಈ ಕಾಲು ಆ ಕಾಲಿಗಿಂತ ಜಾಸ್ತಿ ಮುಂದೆ ಬರುತ್ತಿದೆ" ಅಂದರು. ಅವರೇ ಬಾವು ಇಳಿಯಲಿ ಅಂದಿದ್ದು.

ಹಳೇಹುಬ್ಬಳ್ಳಿ_ಕಾಕಾ

ಎಲ್ಲಾ ಕಮಿಷನ್ ಆಟ. ನಮ್ಮ ಕಾಲದಲ್ಲಿ ಗರಡಿ ಮನೆಯಲ್ಲಿ ದಿನಕ್ಕೊಬ್ಬ ಮೊಣಕಾಲು ತಿರುಚಿಕೊಳ್ಳುತ್ತಿದ್ದ. ಯಾವ ಎಂಆರ್‌ಐ ಇತ್ತು? ಅರಿಷಿಣ ಹಚ್ಚಿ ಪಟ್ಟಿ ಕಟ್ಟಿದರೆ ಮುಗೀತು.

ಫಿಸಿಯೋ_ಅಕ್ಕ_ಧಾರವಾಡ

ಕಾಕಾ, ಆ ಪೈಲ್ವಾನರಲ್ಲಿ ಎಷ್ಟು ಮಂದಿ ನಲವತ್ತು ದಾಟುವ ಮೊದಲೇ ಕುಂಟುತ್ತಿದ್ದರು, ಅದನ್ನೂ ಹೇಳಿ.

ಹಳೇಹುಬ್ಬಳ್ಳಿ_ಕಾಕಾ

ಅದು ಬೇರೆ ವಿಷಯ.

ಸ್ಕ್ಯಾನ್_ರೂಮಿನವ

ಅದೇ ವಿಷಯ ಕಾಕಾ 😀

ನಾನು ಹುಬ್ಬಳ್ಳಿಯ ಒಂದು ಸ್ಕ್ಯಾನ್ ಸೆಂಟರ್‌ನಲ್ಲಿ ಟೆಕ್ನಿಷಿಯನ್. ಡಾಕ್ಟರ್ ಅಲ್ಲ, ರಿಪೋರ್ಟ್ ಬರೆಯುವವನೂ ಅಲ್ಲ. ಆದರೆ ದಿನಾ ಮೊಣಕಾಲು ನೋಡುತ್ತೇನೆ, ಅದಕ್ಕೆ ಬರೆಯುತ್ತಿದ್ದೇನೆ.

ಅಪ್ಪನವರ ಪ್ರಶ್ನೆ ತಪ್ಪಲ್ಲ. ಎಕ್ಸ್‌ರೇ ಎಲುಬು ತೋರಿಸುತ್ತದೆ. ಎಲುಬು ಹಿಡಿದಿಡುವ ನಾರು, ಅಂದರೆ ಲಿಗಮೆಂಟ್, ಮತ್ತು ಮೆನಿಸ್ಕಸ್ ಅದರಲ್ಲಿ ಕಾಣಲ್ಲ. ಹಾಗಾಗಿ "ಎಕ್ಸ್‌ರೇ ನಾರ್ಮಲ್" ಅಂದರೆ "ಎಲುಬು ನಾರ್ಮಲ್" ಅಂತ ಮಾತ್ರ. ಹಾಗಂತ ಎಕ್ಸ್‌ರೇ ದಂಡ ಅಲ್ಲ. ಕೆಲವು ಸಲ ಮೊಣಕಾಲಿನ ಹೊರಬದಿಯಲ್ಲಿ, ಕೆಳಗಿನ ಎಲುಬಿನ ಅಂಚಿನಲ್ಲಿ ಒಂದು ಚೂರು ಕಿತ್ತು ಬಂದಿರುತ್ತದೆ. ಸೆಗಾಂಡ್ ಫ್ರ್ಯಾಕ್ಚರ್ ಅಂತಾರೆ. ನೋಡಲು ಅಕ್ಕಿ ಕಾಳಿನಷ್ಟು, ಆದರೆ ಅದು ಕಂಡರೆ ಎಸಿಎಲ್ ಹರಿದಿರುವ ಸಾಧ್ಯತೆ ಭಾಳ ಜಾಸ್ತಿ. ಫ್ರಾನ್ಸಿನ ಸರ್ಜನ್ ಸೆಗಾಂಡ್ ಇದನ್ನು ಬರೆದದ್ದು 1879ರಲ್ಲಿ, ಎಕ್ಸ್‌ರೇ ಕಂಡುಹಿಡಿದದ್ದು 1895ರಲ್ಲಿ. ಹೆಣಗಳ ಮೊಣಕಾಲು ತಿರುಚಿ ನೋಡಿ ಹೇಳಿದ್ದ ಮನುಷ್ಯ!

ಎಂಆರ್‌ಐ ನೋಡೋದು ಮೈಯ ನೀರಿನಲ್ಲಿರುವ ಹೈಡ್ರೋಜನ್ನನ್ನು. ಲಿಗಮೆಂಟ್ ಗಟ್ಟಿ ನಾರು, ಅದರಲ್ಲಿ ಸಡಿಲ ನೀರು ಕಡಿಮೆ, ಹಾಗಾಗಿ ಕಪ್ಪು ಪಟ್ಟಿಯಾಗಿ ಕಾಣುತ್ತದೆ. ಬಾವು, ರಕ್ತ, ನೀರು ಬೆಳ್ಳಗೆ ಹೊಳೆಯುತ್ತದೆ. ಎಸಿಎಲ್ ಚಲೋ ಇದ್ದರೆ ಒಂದು ಎಲುಬಿನಿಂದ ಇನ್ನೊಂದಕ್ಕೆ ಬಿಗಿಯಾಗಿ ಓರೆಯಾಗಿ ಎಳೆದ ಕಪ್ಪು ಗೆರೆ. ಹರಿದಿದ್ದರೆ ಗೆರೆ ನಡುವೆ ತುಂಡಾಗಿರುತ್ತದೆ, ಅಥವಾ ಬೆಳ್ಳಗೆ ಮಸುಕಾಗಿರುತ್ತದೆ, ಅಥವಾ ಇಳಿಜಾರು ತಪ್ಪಿ ಕೆಳಗೆ ಮಲಗಿರುತ್ತದೆ.

ನಾವು ಸುಮಾರು 3 ಮಿಲಿಮೀಟರ್ ದಪ್ಪದ ಹೋಳುಗಳಾಗಿ ಮೂರು ದಿಕ್ಕಿನಿಂದ ತೆಗೆಯುತ್ತೇವೆ. ಬದಿಯಿಂದ, ಎದುರಿನಿಂದ, ಅಡ್ಡಲಾಗಿ. 20ರಿಂದ 40 ನಿಮಿಷ ಅಲ್ಲಾಡದೆ ಮಲಗಬೇಕು. ಅಲ್ಲಾಡಿದರೆ ಪೂರಾ ಮಸುಕು. ದಯವಿಟ್ಟು ಶೌಚಕ್ಕೆ ಹೋಗಿಯೇ ಬನ್ನಿ, ಇದು ನನ್ನ ವೈಯಕ್ತಿಕ ಮನವಿ.

ಹೋರಿ_ಹಬ್ಬ_ಹಾವೇರಿ

ನಮ್ಮ ಕಡೆ ದೀಪಾವಳಿ ಮುಗಿದ ಮೇಲೆ ಇದೇ ಕಥೆ. ಹೋರಿ ಬೆದರಿಸುವ ಸ್ಪರ್ಧೆಯಲ್ಲಿ ಹೋರಿಗೆ ಕಟ್ಟಿದ ಕೊಬ್ಬರಿ ಹರಿಯಲು ಹೋದವರು ಕೆಲವರು ಕೊಬ್ಬರಿ ತರುತ್ತಾರೆ, ಕೆಲವರು ಮೊಣಕಾಲು ಹರಿದುಕೊಂಡು ಬರುತ್ತಾರೆ. ನಮ್ಮ ಡಾಕ್ಟರು ನನಗೆ ಹೇಳಿದ್ದು ಹೀಗೆ: ಹೋರಿ ಮುಂದಕ್ಕೆ ನುಗ್ಗದ ಹಾಗೆ ಹಿಂದಿನಿಂದ ಹಗ್ಗ ಹಿಡಿದಿರುತ್ತೀರಲ್ಲ, ಎಸಿಎಲ್ ಕೆಲಸ ಅದೇ. ಕೆಳಗಿನ ಎಲುಬು ಮುಂದಕ್ಕೆ ನುಗ್ಗದ ಹಾಗೆ ಹಿಡಿಯೋದು. ಹಗ್ಗ ಹರಿದರೆ ನೆಟ್ಟಗೆ ನಡೆಯುವಾಗ ಗೊತ್ತಾಗಲ್ಲ. ಓಡಿ ಗಕ್ಕನೆ ತಿರುಗಿದಾಗ ಗೊತ್ತಾಗುತ್ತದೆ.

ನನ್ನದು ಎಸಿಎಲ್ ಅಲ್ಲ, ಒಳಬದಿಯ ಎಂಸಿಎಲ್. ಬೆಲ್ಟ್ ಹಾಕಿಸಿ, ವ್ಯಾಯಾಮ ಮಾಡಿಸಿ ಬಿಟ್ಟರು. ಆಪರೇಷನ್ ಇಲ್ಲದೆ ಕೂಡಿಕೊಂಡಿತು.

ಚೆನ್ನಮ್ಮ_ಸರ್ಕಲ್

ಹುಷಾರು. ಎಂಆರ್‌ಐನಲ್ಲಿ ರೇಡಿಯೇಷನ್ ಭಾಳ. ಚಿಕ್ಕ ವಯಸ್ಸಿನ ಹುಡುಗ, ಯೋಚನೆ ಮಾಡಿ.

ಸ್ಕ್ಯಾನ್_ರೂಮಿನವ

ಇಲ್ಲ ರೀ. ಎಂಆರ್‌ಐನಲ್ಲಿ ಎಕ್ಸ್‌ರೇ ಕಿರಣ ಇಲ್ಲವೇ ಇಲ್ಲ. ಕಾಂತ ಮತ್ತು ರೇಡಿಯೋ ಅಲೆ, ಅಷ್ಟೇ. ಕಿರಣ ಇರೋದು ಎಕ್ಸ್‌ರೇಯಲ್ಲಿ ಮತ್ತು ಸಿಟಿ ಸ್ಕ್ಯಾನ್‌ನಲ್ಲಿ. ಹೊರಗಿನ ಬೋರ್ಡು ನೋಡಿ ಜನ ಎಂಆರ್‌ಐ, ಸಿಟಿ ಎರಡನ್ನೂ ಒಂದೇ ಮಾಡುತ್ತಾರೆ.

ಅಪಾಯ ಇರೋದು ಬೇರೆ ಕಡೆ. 1.5 ಟೆಸ್ಲಾ (ಕಾಂತದ ಬಲದ ಅಳತೆ) ಮಷೀನು ಅಂದರೆ ಭೂಮಿಯ ಕಾಂತಶಕ್ತಿಗಿಂತ 30,000 ಪಟ್ಟಿಗೂ ಜಾಸ್ತಿ. ಅದನ್ನು ರಾತ್ರಿ ಆಫ್ ಮಾಡಿ ಹೋಗುವುದಿಲ್ಲ, ಯಾವಾಗಲೂ ಆನ್. ಒಳಗಿನ ಸುರುಳಿ ದ್ರವ ಹೀಲಿಯಂನಲ್ಲಿ ಸುಮಾರು ಮೈನಸ್ 269 ಡಿಗ್ರಿಯಲ್ಲಿ ಇರುತ್ತದೆ. ಹಾಗಾಗಿ ಕೀಲಿ ಗೊಂಚಲು, ಬೆಲ್ಟ್, ಫೋನು, ಎಟಿಎಂ ಕಾರ್ಡು, ಎಲ್ಲಾ ಹೊರಗೆ.

ಪೇಸ್‌ಮೇಕರ್ ಇದ್ದರೆ, ತಲೆಯೊಳಗೆ ಕ್ಲಿಪ್ ಹಾಕಿದ್ದರೆ, ಕಿವಿಯೊಳಗೆ ಯಂತ್ರ ಕೂರಿಸಿದ್ದರೆ ಬಾಗಿಲಲ್ಲೇ ಹೇಳಬೇಕು. ಇನ್ನೊಂದು, ಗೋಕುಲ ರಸ್ತೆ, ತಾರಿಹಾಳ ಕಡೆಯ ವೆಲ್ಡಿಂಗ್, ಲೇತ್ ಕೆಲಸದವರು ಬಂದರೆ "ಕಣ್ಣಿಗೆ ಕಬ್ಬಿಣದ ಚೂರು ಸಿಡಿದಿತ್ತಾ" ಅಂತ ಕೇಳುತ್ತೇವೆ. ಮೊಣಕಾಲಿಗೆ ಬಂದವನಿಗೆ ಕಣ್ಣಿನ ಪ್ರಶ್ನೆ ಯಾಕೆ ಅಂತ ನಗುತ್ತಾರೆ. ಆ ಚೂರು ಕಾಂತಕ್ಕೆ ಅಲ್ಲಾಡಿದರೆ ಕಣ್ಣೇ ಹೋಗಬಹುದು, ಅದಕ್ಕೆ.

ಸಾಧನಕೇರಿ_ಮಳೆ

ಉಡದಾರ ಬಗ್ಗೆ ಹೇಳಿ ಸರ್. ನಮ್ಮ ಮಾವನವರು ಬೆಳ್ಳಿ ಉಡದಾರ ಬಿಚ್ಚಲ್ಲ ಅಂತ ಸ್ಕ್ಯಾನ್ ರೂಮಿನ ಬಾಗಿಲಲ್ಲಿ ದೊಡ್ಡ ಜಗಳ ತೆಗೆದಿದ್ದರು.

ಸ್ಕ್ಯಾನ್_ರೂಮಿನವ

ವಾರಕ್ಕೊಂದು ಉಡದಾರ ಜಗಳ ಗ್ಯಾರಂಟಿ. ಬೆಳ್ಳಿಯನ್ನು ಕಾಂತ ಎಳೆಯಲ್ಲ, ನಿಜ. ಆದರೆ ಲೋಹದ ಸುತ್ತು ಮೈಮೇಲೆ ಇದ್ದರೆ ರೇಡಿಯೋ ಅಲೆಗೆ ಕಾದು ಚರ್ಮ ಸುಡಬಹುದು. ಜೊತೆಗೆ ಕೊಂಡಿ ಯಾವ ಲೋಹದ್ದೋ ಯಾರಿಗೆ ಗೊತ್ತು? ಕಾಲುಂಗುರ, ಗೆಜ್ಜೆ, ತಾಳಿ ಎಲ್ಲದಕ್ಕೂ ಇದೇ ಮಾತು. ಹೆಣ್ಮಕ್ಕಳು ತಾಳಿ ತೆಗೆಯಲು ಹಿಂಜರಿದರೆ ಅರಿಷಿಣ ಕೊಂಬು ಕಟ್ಟಿದ ದಾರ ಹಾಕಿಕೊಂಡು ಒಳಗೆ ಬರುತ್ತಾರೆ. ಅದಕ್ಕೆ ನಮ್ಮ ತಕರಾರಿಲ್ಲ.

ರಾಣೆಬೆನ್ನೂರು_ರೈಡರ್

ನನ್ನ ಕಾಲಲ್ಲಿ ಹಳೇ ಪ್ಲೇಟು ಇದೆ. ಪ್ಲೇಟು ಇದ್ದರೆ ಎಂಆರ್‌ಐ ಮಾಡಲೇಬಾರದು ಅಂತ ನಮ್ಮ ಓಣಿಯಲ್ಲಿ ಎಲ್ಲರೂ ಹೇಳುತ್ತಾರೆ. ನಿಜಾನಾ?

ಸ್ಕ್ಯಾನ್_ರೂಮಿನವ

ಎಲುಬಿಗೆ ಹಾಕಿದ ಪ್ಲೇಟು, ಸ್ಕ್ರೂ ಬಹುಪಾಲು ತೊಂದರೆ ಕೊಡಲ್ಲ, ಅವು ಎಲುಬಿಗೆ ಗಟ್ಟಿಯಾಗಿ ಕೂತಿರುತ್ತವೆ. ಆದರೆ ಪ್ಲೇಟಿನ ಸುತ್ತ ಚಿತ್ರ ಕೆಡುತ್ತದೆ. ಸ್ಟೀಲ್ ಆದರೆ ಜಾಸ್ತಿ, ಟೈಟಾನಿಯಂ ಆದರೆ ಕಡಿಮೆ. ಮೊಣಕಾಲಿನ ಪಕ್ಕದಲ್ಲೇ ಸ್ಟೀಲ್ ಪ್ಲೇಟು ಇದ್ದರೆ ಲಿಗಮೆಂಟ್ ಕಾಣದೇ ಹೋಗಬಹುದು. ಆಪರೇಷನ್ ಕಾಗದ ತೆಗೆದುಕೊಂಡು ಹೋಗಿ, ಅವರೇ ನೋಡಿ ಹೇಳುತ್ತಾರೆ.

ಕ್ಯಾರಂ_ಚಾಂಪಿಯನ್

ಅಷ್ಟು ರೊಕ್ಕ ಯಾಕೆ? ಸೋನೋಗ್ರಫಿ ಮಾಡಿಸಿ. ಅಗ್ಗ, ಹತ್ತು ನಿಮಿಷದ ಕೆಲಸ.

ಫಿಸಿಯೋ_ಅಕ್ಕ_ಧಾರವಾಡ

ಬದಿಯ ಲಿಗಮೆಂಟ್‌ಗಳು, ಅಂದರೆ ಎಂಸಿಎಲ್, ಎಲ್‌ಸಿಎಲ್, ಚರ್ಮದ ಹತ್ತಿರ ಇವೆ. ಅವು ಸೋನೋಗ್ರಫಿಯಲ್ಲಿ ಚೆನ್ನಾಗಿ ಕಾಣುತ್ತವೆ. ಎಸಿಎಲ್ ಕೂತಿರೋದು ಎರಡು ಎಲುಬಿನ ಸಂದಿಯಲ್ಲಿ, ಆಳದಲ್ಲಿ. ಎಲುಬನ್ನು ದಾಟಿ ಆ ಅಲೆ ಹೋಗಲ್ಲ. ಈ ಹುಡುಗನಿಗೆ ಅದು ಉಪಯೋಗ ಇಲ್ಲ.

ಕ್ಯಾರಂ_ಚಾಂಪಿಯನ್

ಸರಿ ಅಕ್ಕ. ಹಾಗಾದರೆ ಸೀದಾ ಮೊಣಕಾಲಿನೊಳಗೆ ದುರ್ಬೀನು ಹಾಕಿ ನೋಡಿಬಿಟ್ಟರೆ? ಒಂದೇ ಸಲಕ್ಕೆ ನೋಡಿದ ಹಾಗೂ ಆಯ್ತು, ರಿಪೇರಿನೂ ಆಯ್ತು.

ಕಿಟಕಿ_ಸೀಟು

ಎಂಆರ್‌ಐ ಇಲ್ಲದ ಕಾಲದಲ್ಲಿ ಹಾಗೇ ಮಾಡುತ್ತಿದ್ದರು. ಆದರೆ ಅದು ಆಪರೇಷನ್ ಅಲ್ವಾ? ಅರಿವಳಿಕೆ, ಸೋಂಕಿನ ಭಯ, ಖರ್ಚು. ನೋಡಿ "ಏನೂ ಇಲ್ಲ" ಅಂತ ಹೊಲಿಗೆ ಹಾಕಿ ಕಳಿಸುವುದಕ್ಕೆ ಯಾರು ಒಪ್ಪುತ್ತಾರೆ? ನಾನು ಆರ್ಥೋ ಓದುತ್ತಿರುವವನು. ಇವತ್ತು ದುರ್ಬೀನು ಹಾಕುವ ಮೊದಲು ಒಳಗೆ ಏನೇನು ರಿಪೇರಿ ಇದೆ ಅಂತ ಎಂಆರ್‌ಐ ನೋಡಿಯೇ ತಯಾರಿ ಮಾಡುತ್ತಾರೆ.

ಮೂಲ ಪ್ರಶ್ನೆಗೆ ಬರುತ್ತೇನೆ. ಇಬ್ಬರು ಡಾಕ್ಟರೂ ಬೇರೆ ಬೇರೆ ಹೇಳಿದರು ಅಂತ ನಿಮಗೆ ಅನ್ನಿಸಿದೆ. ನನಗೆ ಹಾಗೆ ಕಾಣಲ್ಲ. ಎರಡನೆಯವರು ಕೈಯಿಂದಲೇ ಸಡಿಲ ಇದೆ ಅಂತ ಹಿಡಿದರು. ಅವರಿಗೆ ಅರ್ಜೆಂಟ್ ಇಲ್ಲ, ಯಾಕೆಂದರೆ ಬಾವು ಇರುವಾಗ, ಮೊಣಕಾಲು ಪೂರ್ತಿ ನೆಟ್ಟಗೆ ಆಗದಿರುವಾಗ ಎಸಿಎಲ್ ಆಪರೇಷನ್ ಮಾಡುವ ಪದ್ಧತಿ ಸಾಮಾನ್ಯವಾಗಿ ಇಲ್ಲ. ಆಮೇಲೆ ಕಾಲು ಬಿಗಿದುಕೊಳ್ಳುತ್ತದೆ. ಆದರೆ ಎಂಆರ್‌ಐಗೆ ಬಾವು ಅಡ್ಡಿಯಲ್ಲ. ಎಸಿಎಲ್ ಜೊತೆ ಮೆನಿಸ್ಕಸ್ ಏನಾಗಿದೆ ಅನ್ನೋದು ಕೈಗೆ ಅಷ್ಟು ಸರಿಯಾಗಿ ಸಿಗಲ್ಲ. ಹುಡುಗ ಆಟಗಾರ, ಮತ್ತೆ ಆಡುವವನು. ಅವನಿಗೆ ಎಂಆರ್‌ಐ ಬೇಕು, ಇವತ್ತೇ ರಾತ್ರಿ ಓಡಬೇಕಾಗಿಲ್ಲ.

ಓಡಬೇಕಾದ ಸಂದರ್ಭ ಬೇರೆ. ಮೊಣಕಾಲು ಮಡಚಿದಲ್ಲೇ ಸಿಕ್ಕಿಹಾಕಿಕೊಂಡು ನೆಟ್ಟಗೆ ಆಗದಿದ್ದರೆ ತಡ ಮಾಡಬೇಡಿ. ಮೊಣಕಾಲೇ ಕೀಲು ತಪ್ಪಿತ್ತು ಅನ್ನುವಂಥ ಪೆಟ್ಟಾಗಿ ಪಾದ ತಣ್ಣಗೆ ಆದರೆ, ಜೋಮು ಹಿಡಿದರೆ, ಆಗ ಎಂಆರ್‌ಐ ಪಾಳಿಯಲ್ಲಿ ಕೂರಬೇಡಿ, ಸೀದಾ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ. ಮೊಣಕಾಲಿನ ಹಿಂದೆ ಹಾದುಹೋಗುವ ರಕ್ತನಾಳಕ್ಕೆ ಪೆಟ್ಟಾಗಿದ್ದರೆ ಕೆಲವೇ ಗಂಟೆಗಳಲ್ಲಿ ಕಾಲೇ ಹೋಗಬಹುದು.

ಗುಡ್ಡದ_ಗಿಡಮೂಲಿಕೆ

ನಾಟಿ ವೈದ್ಯರನ್ನು ಯಾರೂ ಹೊಗಳಲಿಲ್ಲ ಇಲ್ಲಿ. ನಮ್ಮ ಅಜ್ಜ ಎಷ್ಟೋ ಜನರ ಉಳುಕು ತೆಗೆದಿದ್ದಾರೆ. ಎಂಆರ್‌ಐ ಇಲ್ಲದೆ.

ಫಿಸಿಯೋ_ಅಕ್ಕ_ಧಾರವಾಡ

ಅಜ್ಜನ ಬಗ್ಗೆ ಗೌರವ ಇದೆ. ಉಳುಕು ಅಂತ ಬರುವವರಲ್ಲಿ ಬಹಳ ಜನರಿಗೆ ನರ, ಸ್ನಾಯು ಹಿಡಿದಿರುತ್ತದೆ, ಅದು ತಾನಾಗೇ ಸಡಿಲವಾಗುತ್ತದೆ, ಎಣ್ಣೆ ತಿಕ್ಕಿದರೆ ಹಿತ. ಆದರೆ ರಕ್ತ ತುಂಬಿ ಬಾತ ಮೊಣಕಾಲನ್ನು ಜೋರಾಗಿ ತಿಕ್ಕಿ, ಜಗ್ಗಿ ಎಳೆದರೆ ಇನ್ನಷ್ಟು ಬಾಯುತ್ತದೆ. ಬಿಗಿಯಾಗಿ ಬಿದಿರು ಪಟ್ಟಿ ಕಟ್ಟಿ ವಾರಗಟ್ಟಲೆ ಬಿಟ್ಟರೆ ತೊಡೆಯ ಸ್ನಾಯು ಕರಗಿ ಹೋಗುತ್ತದೆ. ಕರಗಿದ್ದನ್ನು ವಾಪಸ್ ತರಲು ತಿಂಗಳುಗಟ್ಟಲೆ ನಾನೇ ಹೆಣಗಬೇಕು.

ಗುಡ್ಡದ_ಗಿಡಮೂಲಿಕೆ

ಬಾತಿದ್ದರೆ ಅಜ್ಜನೂ ಮುಟ್ಟುತ್ತಿರಲಿಲ್ಲ, ಅದನ್ನೂ ಹೇಳಬೇಕು.

ಫಿಸಿಯೋ_ಅಕ್ಕ_ಧಾರವಾಡ

ಹಾಗಾದರೆ ಅಜ್ಜ ಮತ್ತು ನಾನು ಒಂದೇ ಪಾರ್ಟಿ.

ಮಿರ್ಚಿ_ಭಜಿ_ಫ್ಯಾನ್

ಗದಗದಿಂದ ಹುಬ್ಬಳ್ಳಿಗೆ ಬರುತ್ತೀರಿ ಅಂದ್ರೆ ಸ್ಕ್ಯಾನ್ ಮುಗಿಸಿ ದುರ್ಗದ ಬೈಲಿಗೆ ಹೋಗಿ. ಸಂಜೆ ಹೊತ್ತು ಅಲ್ಲಿನ ತಿಂಡಿ ಗಾಡಿಗಳು...

ಗಿರಮಿಟ್_ಪ್ರಿಯ

ಮೊಣಕಾಲು ಹರಿದವನನ್ನು ದುರ್ಗದ ಬೈಲಿನ ಗದ್ದಲದಲ್ಲಿ ನಡೆಸುತ್ತೀರಾ? ಪಾರ್ಸೆಲ್ ತರಿಸಿ.

ಸಾಧನಕೇರಿ_ಮಳೆ

ವಿಷಯಕ್ಕೆ ಸಂಬಂಧ ಇದೆ ಅಂದುಕೊಂಡು ಕೇಳುತ್ತೇನೆ. ನಮ್ಮ ಅವ್ವನಿಗೆ 58. ಬಿದ್ದಿಲ್ಲ, ಏನಿಲ್ಲ. ಎರಡೂ ಮೊಣಕಾಲು ನೋವು, ಕೂತು ಏಳಲು ತ್ರಾಸು. ಪಕ್ಕದ ಮನೆಯವರು ಎಂಆರ್‌ಐ ಮಾಡಿಸಿದರು, ನೀವೂ ಮಾಡಿಸಿ ಅಂತ ಹಿಂದೆ ಬಿದ್ದಿದ್ದಾರೆ.

ಕಿಟಕಿ_ಸೀಟು

ಪಕ್ಕದ ಮನೆಯವರ ಚೀಟಿ ಮೇಲೆ ಎಂಆರ್‌ಐ ಬೇಡ ಅಕ್ಕ 😀 ಪೆಟ್ಟಿಲ್ಲದೆ ಈ ವಯಸ್ಸಿನಲ್ಲಿ ಬರುವ ಮೊಣಕಾಲು ನೋವಿಗೆ ಬಹುಪಾಲು ನಿಂತು ತೆಗೆಸಿದ ಎಕ್ಸ್‌ರೇ ಸಾಕು. ನಿಂತು ಅನ್ನೋದು ಮುಖ್ಯ. ಮಲಗಿ ತೆಗೆದರೆ ಎಲುಬುಗಳ ನಡುವಿನ ಸಂದಿ ಎಷ್ಟು ಸವೆದಿದೆ ಅಂತ ಗೊತ್ತಾಗಲ್ಲ, ಮೈಭಾರ ಬಿದ್ದಾಗ ಗೊತ್ತಾಗುತ್ತದೆ.

ಎಂಆರ್‌ಐ ಮಾಡಿಸಿದರೆ ಏನೋ ಒಂದು ಸಿಕ್ಕೇ ಸಿಗುತ್ತದೆ, ತೊಂದರೆ ಅದೇ. 2008ರಲ್ಲಿ ಅಮೆರಿಕದ ಫ್ರಾಮಿಂಗ್‌ಹ್ಯಾಮ್ ಊರಿನಲ್ಲಿ 50 ದಾಟಿದ ಸುಮಾರು ಸಾವಿರ ಸಾಮಾನ್ಯ ಜನರ ಮೊಣಕಾಲು ಎಂಆರ್‌ಐ ಮಾಡಿದ ಅಧ್ಯಯನ ಬಂತು. ಮೆನಿಸ್ಕಸ್ ಹರಿದಿದೆ ಅಂತ ಕಂಡವರಲ್ಲಿ 61% ಜನರಿಗೆ ಹಿಂದಿನ ಒಂದು ತಿಂಗಳಲ್ಲಿ ಮೊಣಕಾಲು ನೋವೇ ಇರಲಿಲ್ಲ! ಅವ್ವನ ರಿಪೋರ್ಟಿನಲ್ಲಿ "ಟೇರ್" ಅಂತ ಬರುತ್ತದೆ, ಮನೆಯವರೆಲ್ಲ ಹೆದರುತ್ತಾರೆ, ಯಾರೋ ಆಪರೇಷನ್ ಅಂತಾರೆ. ನೋವಿಗೆ ಕಾರಣ ಬಹುಪಾಲು ಸವೆತವೇ ಇರುತ್ತದೆ.

ಹಳೇಹುಬ್ಬಳ್ಳಿ_ಕಾಕಾ

ಇದನ್ನೇ ನಾನು ಹೇಳಿದ್ದು. ಕಮಿಷನ್.

ಕಿಟಕಿ_ಸೀಟು

ಕಾಕಾ, ನೀವು ಹೇಳಿದ್ದು ಯಾರಿಗೂ ಬೇಡ ಅಂತ. ನಾನು ಹೇಳುತ್ತಿರೋದು ಯಾರಿಗೆ ಬೇಕು, ಯಾರಿಗೆ ಬೇಡ ಅಂತ.

ಚೆನ್ನಮ್ಮ_ಸರ್ಕಲ್

ಓಪನ್ ಎಂಆರ್‌ಐ ಅಂತ ಒಂದಿದೆ, ಕಡಿಮೆ ರೇಟು, ಉಸಿರು ಕಟ್ಟಲ್ಲ. ಅದರಲ್ಲಿ ಮಾಡಿಸಬಹುದಾ?

ಸ್ಕ್ಯಾನ್_ರೂಮಿನವ

ಓಪನ್ ಮಷೀನುಗಳಲ್ಲಿ ಹಲವು 0.2ರಿಂದ 0.4 ಟೆಸ್ಲಾ. ಪೂರ್ತಿ ಹರಿದ ಎಸಿಎಲ್ ಅದರಲ್ಲೂ ಕಾಣುತ್ತದೆ. ಅರ್ಧಂಬರ್ಧ ಹರಿದದ್ದು, ಮೆನಿಸ್ಕಸ್‌ನ ಸಣ್ಣ ಸೀಳು ಇವಕ್ಕೆ 1.5 ಇರಲಿ. 3 ಟೆಸ್ಲಾ ಇನ್ನೂ ಚೊಕ್ಕ. ಆದರೆ ಮೊಣಕಾಲಿನ ಪ್ರಶ್ನೆಗೆ 1.5 ಸಾಕಾಗುತ್ತದೆ, ಅದಕ್ಕೋಸ್ಕರ ಬೆಂಗಳೂರಿಗೆ ರೈಲು ಹತ್ತಬೇಡಿ. ಮೊಣಕಾಲಿಗೆಂದೇ ಸುತ್ತ ಕೂರುವ, ಸಿಗ್ನಲ್ ಹಿಡಿಯುವ ಒಂದು ಕಾಯಿಲ್ ಇದೆ, ಅದನ್ನು ಹಾಕುತ್ತಾರಾ ಅಂತ ಕೇಳಿ. ಚಿತ್ರ ಚೊಕ್ಕ ಬರುವುದು ಅದರಿಂದ.

ಉಸಿರು ಕಟ್ಟುವ ಭಯ ಮೊಣಕಾಲಿಗೆ ಕಡಿಮೆ. ಕಾಲು ಮೊದಲು ಒಳಗೆ ಹೋಗುತ್ತದೆ, ತಲೆ ಬಹುಮಟ್ಟಿಗೆ ಹೊರಗೆ ಅಥವಾ ಮಷೀನಿನ ಬಾಯಿಯ ಹತ್ತಿರ. ಸದ್ದು ಮಾತ್ರ ಜೋರು. ಕಿವಿಗೆ ಹತ್ತಿ ಅಥವಾ ಹೆಡ್‌ಫೋನ್ ಕೊಡುತ್ತಾರೆ. ಲಿಗಮೆಂಟ್ ನೋಡಲು ಸಾಮಾನ್ಯವಾಗಿ ಕಾಂಟ್ರಾಸ್ಟ್ ಇಂಜೆಕ್ಷನ್ (ಚಿತ್ರ ಎದ್ದು ಕಾಣಲು ಕೊಡುವ ಔಷಧ) ಬೇಕಾಗಲ್ಲ. ಬಿಲ್ಲಿನಲ್ಲಿ ಅದು ಕಂಡರೆ ಯಾಕೆ ಅಂತ ಕೇಳಿ. ರೇಟು ಎಲ್ಲಾ ಕಡೆ ಒಂದೇ ಅಲ್ಲ, ಎರಡು ಮೂರು ಕಡೆ ಫೋನ್ ಮಾಡಿ. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲೂ (ಜನ ಕಿಮ್ಸ್ ಅನ್ನುತ್ತಾರೆ) ವಿಚಾರಿಸಿ.

ಬೆಟಗೇರಿ_ಹುಡುಗ

ಎಲ್ಲರಿಗೂ ಭಾಳ ಉಪಕಾರ. ಅಪ್ಪನಿಗೆ ಸ್ಕ್ಯಾನ್ ರೂಮಿನವರ ಪೋಸ್ಟ್ ಓದಿ ಹೇಳಿದೆ, ಒಪ್ಪಿದರು. ಹುಬ್ಬಳ್ಳಿಗೆ ಹೋಗಿ ಮಾಡಿಸಿಕೊಂಡು ಬಂದೆವು. ರಿಪೋರ್ಟ್ ಹೀಗಿದೆ:

"ಎಸಿಎಲ್ ಕಂಪ್ಲೀಟ್ ಟೇರ್, ಮಿಡ್ ಸಬ್‌ಸ್ಟೆನ್ಸ್. ಬೋನ್ ಕಂಟ್ಯೂಷನ್, ಲ್ಯಾಟರಲ್ ಫೀಮೋರಲ್ ಕಾಂಡೈಲ್ ಮತ್ತು ಪೋಸ್ಟೀರಿಯರ್ ಲ್ಯಾಟರಲ್ ಟಿಬಿಯಲ್ ಪ್ಲೇಟೋ. ಎಂಸಿಎಲ್ ಗ್ರೇಡ್ ಒನ್ ಸ್ಪ್ರೇನ್. ಮೀಡಿಯಲ್ ಮೆನಿಸ್ಕಸ್ ಪೋಸ್ಟೀರಿಯರ್ ಹಾರ್ನ್, ಗ್ರೇಡ್ ಟೂ ಸಿಗ್ನಲ್. ಪಿಸಿಎಲ್, ಎಲ್‌ಸಿಎಲ್ ಇಂಟ್ಯಾಕ್ಟ್. ಮಾಡರೇಟ್ ಎಫ್ಯೂಷನ್."

ಇದನ್ನು ಓದಿ ತಮ್ಮ ಊಟ ಬಿಟ್ಟಿದ್ದಾನೆ. ಎಲುಬಿಗೂ ಪೆಟ್ಟಾಗಿದೆ ಅಂತಿದೆ, ಎಕ್ಸ್‌ರೇ ನಾರ್ಮಲ್ ಅಂದಿದ್ದರಲ್ಲ? ಮೆನಿಸ್ಕಸ್ ಗ್ರೇಡ್ ಟೂ ಅಂದರೆ ಅರ್ಧ ಹರಿದಿದೆಯಾ?

ಗಿರಮಿಟ್_ಪ್ರಿಯ

ನಾನು ಮೊದಲೇ ಹೇಳಿದ್ದೆ. ಟಪ್.

ಕಿಟಕಿ_ಸೀಟು

ಮೊದಲು ತಮ್ಮನಿಗೆ ಊಟ ಮಾಡಿಸಿ. ಆಮೇಲೆ ಒಂದೊಂದಾಗಿ ನೋಡೋಣ. ಚಿತ್ರ ನಾನು ನೋಡಿಲ್ಲ, ರಿಪೋರ್ಟಿನ ಪದಗಳ ಅರ್ಥ ಮಾತ್ರ ಹೇಳುತ್ತೇನೆ. ಇಂಟ್ಯಾಕ್ಟ್ ಅಂದರೆ ಹರಿದಿಲ್ಲ, ಎಫ್ಯೂಷನ್ ಅಂದರೆ ಕೀಲಿನೊಳಗೆ ತುಂಬಿದ ದ್ರವ.

ಬೋನ್ ಕಂಟ್ಯೂಷನ್ ಅಂದರೆ ಎಲುಬಿನ ಒಳಗೆ ಜಜ್ಜಿದ ಗಾಯ. ಮುರಿತ ಅಲ್ಲ. ಎಕ್ಸ್‌ರೇಯಲ್ಲಿ ಕಾಣಲ್ಲ, ಎಂಆರ್‌ಐನಲ್ಲಿ ಎಲುಬಿನ ಒಳಗೆ ಬೆಳ್ಳಗೆ ಮೋಡದ ಹಾಗೆ ಕಾಣುತ್ತದೆ. ಅದು ಎಲ್ಲಿ ಆಗಿದೆ ಅನ್ನೋದೇ ಇಲ್ಲಿ ಸ್ವಾರಸ್ಯ. ತೊಡೆ ಎಲುಬಿನ ಹೊರಬದಿ ಮತ್ತು ಕೆಳಗಿನ ಎಲುಬಿನ ಹೊರಬದಿಯ ಹಿಂಭಾಗ. ನೇರ ನಿಂತಾಗ ಈ ಎರಡು ಜಾಗ ಒಂದಕ್ಕೊಂದು ತಾಗುವುದೇ ಇಲ್ಲ. ಎಸಿಎಲ್ ಹರಿದು, ಕೆಳಗಿನ ಎಲುಬು ಮುಂದಕ್ಕೆ ಜಾರಿ ತಿರುಗಿದ ಕ್ಷಣದಲ್ಲಿ ಮಾತ್ರ ಡಿಕ್ಕಿ ಹೊಡೆಯುತ್ತವೆ. ಅಂದರೆ ಕಬಡ್ಡಿ ಅಂಗಳದಲ್ಲಿ ಏನಾಯಿತು ಅನ್ನೋದು ಎಲುಬಿನಲ್ಲಿ ಅಚ್ಚಾಗಿದೆ. ಎಸಿಎಲ್ ಗೆರೆ ಮಸುಕಾಗಿದ್ದರೂ ಈ ಗುರುತು ನೋಡಿ ಡಾಕ್ಟರು ಹರಿದಿದೆ ಅಂತ ಧೈರ್ಯವಾಗಿ ಹೇಳುತ್ತಾರೆ. ಈ ಗಾಯ ಕೆಲವು ತಿಂಗಳಲ್ಲಿ ಮಾಯುತ್ತದೆ.

ಮೆನಿಸ್ಕಸ್ ಗ್ರೇಡ್ ಟೂ ಬಗ್ಗೆ ಎಲ್ಲರೂ ಇದೇ ತಪ್ಪು ತಿಳಿಯುತ್ತಾರೆ. ಲಿಗಮೆಂಟ್ ಗ್ರೇಡ್ ಬೇರೆ, ಮೆನಿಸ್ಕಸ್ ಗ್ರೇಡ್ ಬೇರೆ. ಲಿಗಮೆಂಟ್‌ನಲ್ಲಿ ಒಂದು ಅಂದರೆ ಹಿಗ್ಗಿದೆ, ಎರಡು ಅಂದರೆ ಅರ್ಧಂಬರ್ಧ ಹರಿದಿದೆ, ಮೂರು ಅಂದರೆ ಪೂರ್ತಿ ಹರಿದಿದೆ. ಮೆನಿಸ್ಕಸ್‌ನಲ್ಲಿ ಒಂದು ಮತ್ತು ಎರಡು ಅಂದರೆ ಒಳಗೆ ಬಣ್ಣ ಬದಲಾಗಿದೆ, ಆದರೆ ಆ ಗೆರೆ ಮೇಲ್ಮೈ ಮುಟ್ಟಿಲ್ಲ. ಹರಿದಿಲ್ಲ ಅಂತಲೇ ಅರ್ಥ. ಮೂರು ಅಂದರೆ ಮಾತ್ರ ಮೇಲ್ಮೈಗೆ ಬಂದಿದೆ, ಅದು ಸೀಳು.

ಬೆಟಗೇರಿ_ಹುಡುಗ

ಅಬ್ಬಾ. ನಾವು ಮನೆಯಲ್ಲಿ ಮೆನಿಸ್ಕಸ್ ಅರ್ಧ ಹೋಯ್ತು ಅಂತ ಅತ್ತಿದ್ದೆವು.

ರಾಣೆಬೆನ್ನೂರು_ರೈಡರ್

ರಿಪೋರ್ಟ್ ಎಂದರೆ ದೇವರ ವಾಕ್ಯ ಅಲ್ಲ, ನನ್ನ ಕಥೆ ಕೇಳಿ. ಬೈಕಿನಿಂದ ಬಿದ್ದು ಮಡಚಿದ ಮೊಣಕಾಲು ಸೀದಾ ರೋಡಿಗೆ ಬಡಿದಿತ್ತು. ವರ್ಷಗಳ ನಂತರ ಇಳಿಜಾರಿನಲ್ಲಿ ಮೊಣಕಾಲು ಹಿಂದೆ ಸರಿದಂತೆ ಅನ್ನಿಸುತ್ತಿತ್ತು. ಎಂಆರ್‌ಐನಲ್ಲಿ ಪಿಸಿಎಲ್ (ಕೆಳಗಿನ ಎಲುಬು ಹಿಂದಕ್ಕೆ ಸರಿಯದ ಹಾಗೆ ಹಿಡಿಯುವ ಲಿಗಮೆಂಟ್) ನಾರ್ಮಲ್ ಅಂತ ಬಂತು. ಡಾಕ್ಟರು ಮಲಗಿಸಿ ಎರಡೂ ಮೊಣಕಾಲು ಮಡಚಿಸಿ ಬದಿಯಿಂದ ನೋಡಿದರು. ಒಂದು ಕಾಲಿನ ಎಲುಬು ಹಿಂದಕ್ಕೆ ಕುಸಿದಿತ್ತು. ಯಾರ ಕಣ್ಣಿಗೂ ಕಾಣುವಷ್ಟು.

ಕಿಟಕಿ_ಸೀಟು

ಇದು ಪುಸ್ತಕದಲ್ಲಿ ಇರುವಂಥದ್ದೇ. ಪಿಸಿಎಲ್ ಎಸಿಎಲ್‌ಗಿಂತ ಚೆನ್ನಾಗಿ ಕೂಡಿಕೊಳ್ಳುತ್ತದೆ. ಆದರೆ ಉದ್ದವಾಗಿ, ಸಡಿಲವಾಗಿ ಕೂಡಿಕೊಳ್ಳಬಹುದು. ಹಳೆಯದಾದರೆ ಎಂಆರ್‌ಐನಲ್ಲಿ ಗೆರೆ ಅಖಂಡವಾಗಿ ಕಾಣುತ್ತದೆ. ಎಂಆರ್‌ಐ ಮಲಗಿದ ಕಾಲಿನ ಸ್ಥಿರ ಚಿತ್ರ. ಲಿಗಮೆಂಟ್ ಇದೆಯಾ ಅಂತ ಹೇಳುತ್ತದೆ, ಕೆಲಸ ಮಾಡುತ್ತಿದೆಯಾ ಅಂತ ಹೇಳಲ್ಲ. ಅದಕ್ಕೆ ಕೈ ಬೇಕು, ಇಲ್ಲವೇ ಒತ್ತಡ ಹಾಕಿ ತೆಗೆದ ಎಕ್ಸ್‌ರೇ ಬೇಕು.

ಉಲ್ಟಾ ಕೂಡ ಆಗುತ್ತದೆ. ಮಧ್ಯವಯಸ್ಸಿನವರಲ್ಲಿ ಎಸಿಎಲ್ ಒಳಗೆ ಲೋಳೆಯಂಥ ಬದಲಾವಣೆ ಆಗಿ ದಪ್ಪ, ಬೆಳ್ಳಗೆ ಕಾಣುತ್ತದೆ. ಹರಿದಿದೆ ಅಂತ ಬರೆಯುವ ಸಾಧ್ಯತೆ ಇದೆ. ಎಳೆದು ನೋಡಿದರೆ ಗಟ್ಟಿ ಇರುತ್ತದೆ. ಪೂರ್ತಿ ಹರಿದದ್ದನ್ನು ಎಂಆರ್‌ಐ ತಪ್ಪಿಸುವುದು ಕಡಿಮೆ, ಅರ್ಧ ಹರಿದದ್ದರಲ್ಲಿ ಎಡವುತ್ತದೆ.

ಕ್ಯಾರಂ_ಚಾಂಪಿಯನ್

ಹಾಗಾದರೆ ಬೆಟಗೇರಿಯವರ ತಮ್ಮನಿಗೆ ಆಪರೇಷನ್ ಖಾಯಂ. ಪೂರ್ತಿ ಹರಿದಿದೆಯಲ್ಲ.

ಫಿಸಿಯೋ_ಅಕ್ಕ_ಧಾರವಾಡ

ಮತ್ತೆ ಅವಸರ. ಚಿತ್ರದಲ್ಲಿ ಪೂರ್ತಿ ಹರಿದಿದೆ ಅಂದಕೂಡಲೇ ಆಪರೇಷನ್ ಅಂತಲ್ಲ. ಸ್ವೀಡನ್‌ನಲ್ಲಿ 121 ಜನ ಚಟುವಟಿಕೆಯ ಯುವಕ ಯುವತಿಯರ ಮೇಲೆ ನಡೆದ ಅಧ್ಯಯನ 2010ರಲ್ಲಿ ಬಂತು. ಎಲ್ಲರಿಗೂ ಎಸಿಎಲ್ ಹರಿದಿತ್ತು. ಅರ್ಧದಷ್ಟು ಜನರಿಗೆ ಬೇಗ ಆಪರೇಷನ್ ಮತ್ತು ವ್ಯಾಯಾಮ. ಉಳಿದವರಿಗೆ ಮೊದಲು ವ್ಯಾಯಾಮ, ಬೇಕಾದರೆ ಆಮೇಲೆ ಆಪರೇಷನ್. ಎರಡು ವರ್ಷದ ನಂತರ ಎರಡೂ ಗುಂಪಿನವರ ಮೊಣಕಾಲು ಹೆಚ್ಚುಕಡಿಮೆ ಒಂದೇ ಥರ ಇತ್ತು. ಎರಡನೇ ಗುಂಪಿನ 59 ಜನರಲ್ಲಿ 23 ಜನ ಅಷ್ಟರೊಳಗೆ ಆಪರೇಷನ್ ಮಾಡಿಸಿಕೊಂಡಿದ್ದರು. ಉಳಿದವರಿಗೆ ಬೇಕಾಗಿರಲಿಲ್ಲ.

ಹೋರಿ_ಹಬ್ಬ_ಹಾವೇರಿ

ಅಕ್ಕ, ಸ್ವೀಡನ್‌ನವರು ಕಬಡ್ಡಿ ಆಡಲ್ಲ. ಹೋರಿ ಹಿಂದೆನೂ ಓಡಲ್ಲ.

ಫಿಸಿಯೋ_ಅಕ್ಕ_ಧಾರವಾಡ

ಫುಟ್‌ಬಾಲ್ ಆಡುತ್ತಾರೆ ಅಣ್ಣ, ಅದೂ ತಿರುಗುವ ಆಟವೇ! ಆದರೆ ನಿಮ್ಮ ಮಾತಿನಲ್ಲಿ ಹುರುಳಿದೆ. ಮತ್ತೆ ರೇಡ್ ಹೋಗಬೇಕು, ಮೆಟ್ಟಿಲಲ್ಲೂ ಮೊಣಕಾಲು ಜಾರುತ್ತದೆ ಅನ್ನುವವನಿಗೆ ಆಪರೇಷನ್ ಕಡೆ ತಕ್ಕಡಿ ವಾಲುತ್ತದೆ. ಜಾರಿದಷ್ಟು ಸಲವೂ ಮೆನಿಸ್ಕಸ್ ಹರಿಯುವ ಭಯ ಇದೆ. ಅಂಗಡಿಯಲ್ಲಿ ಕೂತು ವ್ಯಾಪಾರ ಮಾಡುವವನಾದರೆ ಬೇರೆ ಲೆಕ್ಕ. ಯಾವುದೇ ಆಗಲಿ, ಮೊದಲು ಬಾವು ಇಳಿಸಿ, ಕಾಲು ಪೂರ್ತಿ ನೆಟ್ಟಗೆ ಮಾಡಿಸಿ, ತೊಡೆಗೆ ಬಲ ತುಂಬಬೇಕು. ಅದನ್ನು ಇವತ್ತೇ ಶುರು ಮಾಡಬಹುದು.

ಬೆಟಗೇರಿ_ಹುಡುಗ

ಇವತ್ತು ಎರಡನೇ ಡಾಕ್ಟರಿಗೆ ತೋರಿಸಿದೆವು. ಅವರು ರಿಪೋರ್ಟ್ ಪಕ್ಕಕ್ಕಿಟ್ಟು ಫಿಲ್ಮ್ ಹಿಡಿದು ನೋಡಿದರು, ಮತ್ತೆ ಕಾಲು ಎಳೆದು ನೋಡಿದರು. ಮೆನಿಸ್ಕಸ್ ಬಗ್ಗೆ ಕಿಟಕಿ ಸೀಟು ಹೇಳಿದ್ದನ್ನೇ ಹೇಳಿದರು. ಆದರೆ ಹಿಂಭಾಗದ ಅಂಚಿನಲ್ಲಿ ಸಣ್ಣ ಸೀಳಿದ್ದರೆ ಎಂಆರ್‌ಐನಲ್ಲಿ ತಪ್ಪಿಹೋಗುತ್ತದೆ, ಆಪರೇಷನ್ ಮಾಡಿದರೆ ಆಗ ದುರ್ಬೀನಿನಲ್ಲಿ ಅದನ್ನೂ ನೋಡುತ್ತೇನೆ ಅಂದರು. ಸದ್ಯಕ್ಕೆ ಆರು ವಾರ ಫಿಸಿಯೋಥೆರಪಿ. ಜಾರುವುದು ನಿಲ್ಲದಿದ್ದರೆ ಆಪರೇಷನ್. ಕಬಡ್ಡಿ ಈ ವರ್ಷ ಇಲ್ಲ. ತಮ್ಮ ಮುಖ ಗಂಟು ಹಾಕಿಕೊಂಡಿದ್ದಾನೆ, ಆದರೆ ಊಟ ಮಾಡುತ್ತಿದ್ದಾನೆ.

ಒಂದೇ ಸಮಸ್ಯೆ. ಸ್ಕ್ಯಾನ್ ಸೆಂಟರ್‌ನವರು ಸಿಡಿ ಕೊಟ್ಟಿದ್ದಾರೆ. ನಮ್ಮ ಲ್ಯಾಪ್‌ಟಾಪಿನಲ್ಲಿ ಸಿಡಿ ಹಾಕುವ ಜಾಗವೇ ಇಲ್ಲ.

ಸ್ಕ್ಯಾನ್_ರೂಮಿನವ

ಯಾರ ಲ್ಯಾಪ್‌ಟಾಪಿನಲ್ಲೂ ಇಲ್ಲ ಈಗ, ಆದರೂ ಕೊಡುತ್ತೇವೆ. ಪೆನ್‌ಡ್ರೈವ್ ತೆಗೆದುಕೊಂಡು ಹೋಗಿ ಕೇಳಿ, ಹಾಕಿ ಕೊಡುತ್ತಾರೆ. ಡೈಕಾಮ್ ಫೈಲೇ (ಸ್ಕ್ಯಾನಿನ ಮೂಲ ಚಿತ್ರದ ಫೈಲು) ಬೇಕು ಅಂತ ಹೇಳಿ. ಫಿಲ್ಮಿನ ಫೋಟೋ ಮೊಬೈಲಲ್ಲಿ ತೆಗೆದು ವಾಟ್ಸಾಪಿನಲ್ಲಿ ಕಳಿಸಿದರೆ ಯಾವ ಡಾಕ್ಟರಿಗೂ ಏನೂ ಕಾಣಲ್ಲ. ಫೈಲ್ ಜೋಪಾನ, ಮುಂದೆ ಇನ್ನೊಂದು ಸ್ಕ್ಯಾನ್ ಆದರೆ ಹೋಲಿಸಿ ನೋಡಲು ಬೇಕಾಗುತ್ತದೆ.

ಹಳೇಹುಬ್ಬಳ್ಳಿ_ಕಾಕಾ

ಪೆನ್‌ಡ್ರೈವ್‌ಗೂ ಕಮಿಷನ್ ಇದೆಯಾ?

ಸ್ಕ್ಯಾನ್_ರೂಮಿನವ

ಕಾಕಾ, ನಿಮ್ಮ ಮೊಣಕಾಲು ಹೇಗಿದೆ ಈಗ?

ಹಳೇಹುಬ್ಬಳ್ಳಿ_ಕಾಕಾ

ಎಡಗಾಲು ಸ್ವಲ್ಪ ತ್ರಾಸು ಕೊಡುತ್ತದೆ. ನಿಂತು ತೆಗೆಸುವ ಎಕ್ಸ್‌ರೇಗೆ ಎಷ್ಟಾಗುತ್ತದೆ ಹೇಳಿ.